ಬೆಟ್ಟ ಏರಿದವರು, ದಾರಿ ತೋರಿದವರು: ಶಿಕಾರಿಪುರ–ಸೊರಬ ಸೀಮೆಯಲ್ಲಿ ಸಾಹಸದ ಚರಿತ್ರೆ

ಸಹ್ಯಾದ್ರಿಯ ಘಟ್ಟಸಾಲು ಪೂರ್ವಕ್ಕೆ ಇಳಿಯುತ್ತ ಬಯಲುಸೀಮೆಯನ್ನು ಸೇರುವ ನಡುವಿನ ಪಟ್ಟಿಯಲ್ಲಿ, ಇಂದಿನ ಶಿವಮೊಗ್ಗ ಜಿಲ್ಲೆಯ ಉತ್ತರ ಭಾಗದಲ್ಲಿ, ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳು ಒತ್ತೊತ್ತಾಗಿ ಹಬ್ಬಿವೆ. ಪಶ್ಚಿಮದಲ್ಲಿ ದಟ್ಟ ಕಾಡು, ಅಡಿಕೆ ತೋಟ ಮತ್ತು ಕಣಿವೆಯ ಗದ್ದೆಗಳಿಂದ ಆರಂಭವಾಗುವ ಈ ನೆಲ ಪೂರ್ವಕ್ಕೆ ಸಾಗಿದಂತೆ ಕುರುಚಲು ಗುಡ್ಡಗಳಿಗೂ ಕೆರೆಗಳಿಗೂ ಮೆಕ್ಕೆಜೋಳದ ಹೊಲಗಳಿಗೂ ಎಡೆಗೊಡುವುದರಿಂದ ಇದನ್ನು ಜನ ಅರೆಮಲೆನಾಡು ಎಂದು ಕರೆಯುತ್ತ ಬಂದಿದ್ದಾರೆ. ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟಿ ಬನವಾಸಿಯತ್ತ ಹರಿಯುವ ವರದಾ, ಸೊರಬ ಪಟ್ಟಣವನ್ನು ಬಳಸಿ ಹೋಗಿ ಆ ವರದೆಯನ್ನೇ ಸೇರುವ ದಂಡಾವತಿ, ಹುಂಚದ ಕಡೆಯಿಂದ ಬಂದು ಶಿಕಾರಿಪುರವನ್ನು ದಾಟಿ ತುಂಗಭದ್ರೆಯತ್ತ ಸಾಗುವ ಕುಮುದ್ವತಿ, ಈ ಮೂರು ನದಿಗಳೇ ಇಲ್ಲಿನ ಹಳೆಯ ದಾರಿಗಳನ್ನೂ ಊರುಗಳನ್ನೂ ರೂಪಿಸಿದವು.

ಪ್ರವಾಸಿಗರು ಬಿಡುವಿನ ವೇಳೆಯಲ್ಲಿ, ಅಪಾಯದ ಅಂಶವಿದೆಯೆಂದು ತಿಳಿದೂ, ತಮ್ಮ ಇಚ್ಛೆಯಿಂದಲೇ ಕೈಗೊಳ್ಳುವ ಬೆಟ್ಟ ಹತ್ತುವಿಕೆ, ಕಾಡಿನ ನಡಿಗೆ, ಬಂಡೆ ಏರುವಿಕೆ, ನೀರಿನ ಮೇಲಿನ ಹುಟ್ಟುಗೋಲಿನ ಯಾನ ಮೊದಲಾದವುಗಳನ್ನು ಇಂದು ಒಟ್ಟಾಗಿ ಸಾಹಸ ಕ್ರೀಡೆ ಎನ್ನಲಾಗುತ್ತದೆ. ಈ ಹೆಸರು ಹೊಸದು, ಆದರೆ ಸಾಹಸ ಎಂಬ ಪದ ಹಳೆಯದು. ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಬಲಪ್ರಯೋಗದಿಂದ ಎಸಗಿದ ಅಪರಾಧ; ಕನ್ನಡದ ಅರಸರ ಬಿರುದುಗಳಲ್ಲಿ ಅದು ರಣಶೌರ್ಯ; ಇಂದಿನ ಪ್ರವಾಸದ ಭಾಷೆಯಲ್ಲಿ ಅದು ಆನಂದಕ್ಕಾಗಿ ಮೈಗೆ ಒಡ್ಡಿಕೊಳ್ಳುವ ಕಷ್ಟ. ಅಪರಾಧದಿಂದ ಶೌರ್ಯಕ್ಕೆ, ಶೌರ್ಯದಿಂದ ಆಟಕ್ಕೆ ಪದದ ಅರ್ಥ ಸರಿದ ಹಾಗೆಯೇ, ಶಿಕಾರಿಪುರ ಮತ್ತು ಸೊರಬದ ಬೆಟ್ಟಕಾಡುಗಳಲ್ಲಿ ಮನುಷ್ಯರು ನಡೆದ ಉದ್ದೇಶವೂ ಶತಮಾನದಿಂದ ಶತಮಾನಕ್ಕೆ ಬದಲಾಯಿತು. ಬದಲಾಗದೆ ಉಳಿದದ್ದು ಒಂದೇ: ಹೊರಗಿನಿಂದ ಬಂದು ಏರಿದವನ ಹೆಸರು ಕಲ್ಲಿನಲ್ಲೋ ಕಾಗದದಲ್ಲೋ ಉಳಿಯಿತು, ಅವನಿಗೆ ದಾರಿ ತೋರಿದ ಊರವನ ಹೆಸರು ಉಳಿಯಲಿಲ್ಲ. ಈ ಸೀಮೆಯ ಸಾಹಸದ ಚರಿತ್ರೆಯನ್ನು ಆ ಎರಡನೆಯವನನ್ನೂ ನೆನಪಿನಲ್ಲಿಟ್ಟುಕೊಂಡು ಓದುವುದು ಅಗತ್ಯ.

ತಾಳಗುಂದದಿಂದ ಶ್ರೀಪರ್ವತದವರೆಗೆ

ಈ ನೆಲದಿಂದ ಹೊರಟ ದೂರಪ್ರಯಾಣದ ಮೊದಲ ದಾಖಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲಿನ ಕಂಬದ ಮೇಲಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ, ಅಂದರೆ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಈ ಸಂಸ್ಕೃತ ಶಾಸನ ಅದಕ್ಕಿಂತ ನೂರು ವರ್ಷ ಹಿಂದಿನ ಮಯೂರಶರ್ಮನ ಕಥೆಯನ್ನು ಹೇಳುತ್ತದೆ. ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ, ಎಂದರೆ ಆ ಕಾಲದ ಉನ್ನತ ವಿದ್ಯಾಕೇಂದ್ರಕ್ಕೆ, ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳದಿಂದ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಪಲ್ಲವರ ಅಂತಪಾಲರನ್ನು, ಎಂದರೆ ಗಡಿ ಕಾಯುವ ಅಧಿಕಾರಿಗಳನ್ನು, ಸೋಲಿಸಿ ಶ್ರೀಪರ್ವತದ ಬಾಗಿಲವರೆಗೂ ಹಬ್ಬಿದ್ದ ದುರ್ಗಮ ಅರಣ್ಯದಲ್ಲಿ ನೆಲೆ ನಿಂತನು. ಬೃಹದ್ಬಾಣರೇ ಮೊದಲಾದವರಿಂದ ಕಪ್ಪ ಪಡೆದ ಅವನನ್ನು ಕಾಡಿನೊಳಗೆ ಹಿಡಿಯಲಾಗದ ಪಲ್ಲವರು ಕೊನೆಗೆ ಅವನೊಡನೆ ಒಪ್ಪಂದಕ್ಕೆ ಬಂದು ಅವನಿಗೆ ರಾಜ್ಯಭಾಗವನ್ನು ಒಪ್ಪಿಸಿದರು.

ಕನ್ನಡ ನಾಡಿನ ಮೊದಲ ಸ್ವತಂತ್ರ ರಾಜವಂಶ ಹುಟ್ಟಿದ್ದು ಹೀಗೆ, ಬಯಲಿನ ಯುದ್ಧದಲ್ಲಲ್ಲ, ಬೆಟ್ಟಕಾಡಿನ ಪರಿಚಯದ ಬಲದಿಂದ. ಬಲಿಷ್ಠ ಸೈನ್ಯಕ್ಕೆ ಅಡ್ಡಿಯಾದ ಕಾಡು ಅದರ ಒಳದಾರಿಗಳನ್ನು ತಿಳಿದವನಿಗೆ ಕೋಟೆಯಾಯಿತು ಎಂಬ ಪಾಠವನ್ನು ಮುಂದಿನ ಸಾವಿರದ ಐನೂರು ವರ್ಷಗಳಲ್ಲಿ ಈ ಸೀಮೆ ಹಲವು ಸಲ ಕಂಡಿತು.

ಮಯೂರಶರ್ಮನ ನಂತರ ಎಂಟು ಶತಮಾನ ಕಳೆದು, ತಾಳಗುಂದದ ಹತ್ತಿರದಲ್ಲೇ ಇರುವ ಉಡುತಡಿಯಿಂದ ಇನ್ನೊಬ್ಬರು ಅದೇ ಶ್ರೀಪರ್ವತದತ್ತ, ಎಂದರೆ ಶ್ರೀಶೈಲದತ್ತ, ಹೊರಟರು. ಹನ್ನೆರಡನೆಯ ಶತಮಾನದ ಶರಣೆ ಅಕ್ಕಮಹಾದೇವಿ ಅರಮನೆಯನ್ನೂ ಉಡುಗೆಯನ್ನೂ ತೊರೆದು ಕಲ್ಯಾಣಕ್ಕೆ ನಡೆದು, ಅಲ್ಲಿಂದ ಶ್ರೀಶೈಲದ ಕದಳಿಯನ್ನು ಸೇರಿದರೆಂಬುದು ಶರಣ ಪರಂಪರೆ ಉಳಿಸಿಕೊಂಡು ಬಂದಿರುವ ಕಥನ. ಒಬ್ಬ ಹೆಣ್ಣುಮಗಳು ಕಾಡು, ನದಿ, ಬೆಟ್ಟಗಳನ್ನು ಒಂಟಿಯಾಗಿ ದಾಟಿದ ಈ ನಡಿಗೆಯನ್ನು ಕ್ರೀಡೆ ಎನ್ನುವುದು ಸಲ್ಲದು. ಆದರೆ ಬೆಟ್ಟದ ದಾರಿಯಲ್ಲಿ ಹಸಿವು, ಚಳಿ, ಭಯಗಳನ್ನು ಎದುರಿಸಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಮನೋಭಾವಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಮಾದರಿ ಇಲ್ಲ.

ದಾರಿಹೋಕರನ್ನು ಪೊರೆದ ಬಳ್ಳಿಗಾವೆ

ಪಯಣಿಗರು ನಡೆಯಬೇಕಾದರೆ ದಾರಿಯಲ್ಲಿ ಅನ್ನ, ನೆರಳು, ಔಷಧ ಸಿಗಬೇಕು. ಬನವಾಸಿ ಹನ್ನೆರಡು ಸಾಸಿರ ಎಂಬ ಪ್ರಾಂತದ ರಾಜಧಾನಿಯಾಗಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಮೆರೆದ ಬಳ್ಳಿಗಾವೆ ಈ ವ್ಯವಸ್ಥೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ರೂಪಿಸಿತ್ತು. ಇಂದು ಶಿಕಾರಿಪುರ ತಾಲ್ಲೂಕಿನ ಸಾಧಾರಣ ಹಳ್ಳಿಯಾಗಿರುವ ಈ ಊರಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನ ವರ್ಣಿಸುತ್ತದೆ. ಕಾಳಾಮುಖ ಶೈವ ಯತಿಗಳ ಆಡಳಿತದಲ್ಲಿದ್ದ ಆ ಮಠದಲ್ಲಿ ವ್ಯಾಕರಣ, ದರ್ಶನ, ಪುರಾಣಗಳ ಪಾಠ ನಡೆಯುತ್ತಿದ್ದುದಲ್ಲದೆ, ದೀನರು, ಅನಾಥರು, ಕುಂಟರು, ಕುರುಡರು, ದೇಶದೇಶಗಳಿಂದ ಬಂದ ಭಿಕ್ಷುಕರು ಮತ್ತು ಕಲಾವಿದರಿಗೆ ಊಟ ದೊರೆಯುತ್ತಿತ್ತು, ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತು, ಹೆದರಿ ಬಂದ ಜೀವಿಗಳಿಗೆ ಅಭಯವೂ ಇತ್ತು. ಅಲ್ಲಮಪ್ರಭುವಿನ ಊರೆಂದೂ ಹೆಸರಾದ ಬಳ್ಳಿಗಾವೆ ಹೀಗೆ ಮಲೆನಾಡಿಗೂ ಬಯಲಿಗೂ ನಡುವೆ ಓಡಾಡುವವರ ತಂಗುದಾಣವಾಗಿತ್ತು.

ಇದೇ ಕಾಲದ ಇನ್ನೊಂದು ಮುಖವನ್ನು ವೀರಗಲ್ಲುಗಳು ತೋರಿಸುತ್ತವೆ. ತುರುಗೊಳ್, ಅಂದರೆ ದನಗಳನ್ನು ಹೊಡೆದುಕೊಂಡು ಹೋಗುವ ದಾಳಿ, ನಡೆದಾಗ ಅಡ್ಡ ನಿಂತು ಸತ್ತವರಿಗಾಗಿ ಊರವರು ನಿಲ್ಲಿಸಿದ ಈ ಸ್ಮಾರಕಗಳು ಸೊರಬ ಮತ್ತು ಶಿಕಾರಿಪುರದ ಹಳ್ಳಿಗಳಲ್ಲಿ ಇಂದಿಗೂ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ಹೇರಳವಾಗಿ ಕಾಣುತ್ತವೆ. ಊರಿನ ಸಾಮಾನ್ಯನ ಹೆಸರು ಕಲ್ಲಿಗೆ ಏರಿದ್ದು ಇಲ್ಲಿ ಮಾತ್ರ, ಅದೂ ಅವನು ಸತ್ತ ಮೇಲೆ.

ಗಿರಿದುರ್ಗವಾದ ಚಂದ್ರಗುತ್ತಿ

ಸೊರಬದ ವಾಯವ್ಯಕ್ಕೆ, ವರದೆಯ ಬಯಲಿನಾಚೆ ಒಂಟಿಯಾಗಿ ಎದ್ದು ನಿಂತಿರುವ ಚಂದ್ರಗುತ್ತಿ ಬೆಟ್ಟ ಈ ಸೀಮೆಯ ಅತ್ಯಂತ ಪ್ರಸಿದ್ಧ ಶಿಖರ. ಹಳೆಯ ಗೆಜೆಟಿಯರುಗಳು ಇದರ ಎತ್ತರವನ್ನು ಸಮುದ್ರಮಟ್ಟದಿಂದ 2,794 ಅಡಿ ಎಂದು ಕೊಡುತ್ತವೆ, ಎಂದರೆ ಸುಮಾರು 850 ಮೀಟರ್. ಹಿಮಾಲಯದ ಮಾತಿರಲಿ, ಕೊಡಚಾದ್ರಿಯ ಮುಂದೆಯೂ ಇದು ಸಣ್ಣದೇ. ಆದರೆ ಸುತ್ತಲಿನ ತಗ್ಗು ನೆಲದಿಂದ ಕಡಿದಾಗಿ ಮೇಲೇಳುವ ಕಾರಣ ಬಹು ದೂರದಿಂದ ಕಾಣುತ್ತದೆ, ತುದಿಯಿಂದ ನೋಡಿದರೆ ಬನವಾಸಿಯ ಕಡೆಯ ಇಡೀ ಬಯಲು ಕಣ್ಣಿಗೆ ಬೀಳುತ್ತದೆ. ಬೆಟ್ಟ ಹಿಂದೆ ಎಷ್ಟು ಎತ್ತರವಿತ್ತೆಂದರೆ ಚಂದ್ರನ ದಾರಿಗೇ ಅಡ್ಡವಾಗಿತ್ತು ಎಂಬ ಐತಿಹ್ಯ ಊರಿನಲ್ಲಿದ್ದು, ಚಂದ್ರನನ್ನು ಮರೆಮಾಡಿದ್ದು ಎಂಬ ಅರ್ಥದ ಚಂದ್ರಗುಪ್ತಿ ಎಂಬ ರೂಪವೂ ಹಳೆಯ ಬರಹಗಳಲ್ಲಿ ಸಿಗುತ್ತದೆ.

ಇಂಥ ಬೆಟ್ಟ ಗಿರಿದುರ್ಗಕ್ಕೆ ಹೇಳಿ ಮಾಡಿಸಿದ ಜಾಗ. ಗಿರಿದುರ್ಗವೆಂದರೆ ಬೆಟ್ಟದ ಕಡಿದನ್ನೇ ಗೋಡೆಯಾಗಿ ಬಳಸಿಕೊಂಡು, ಏರಲು ಸಾಧ್ಯವಿರುವ ಕಡೆ ಮಾತ್ರ ಕಲ್ಲಿನ ಕೋಟೆಗೋಡೆ, ಬಾಗಿಲು, ಬುರುಜುಗಳನ್ನು ಕಟ್ಟಿ, ಮೇಲೆ ಮಳೆನೀರು ನಿಲ್ಲುವ ಕೊಳಗಳನ್ನು ತೋಡಿ ಸಿದ್ಧಪಡಿಸಿದ ರಕ್ಷಣಾಸ್ಥಳ. ಕೆಳಗಿನಿಂದ ಬರುವವರು ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಏರಬೇಕು, ಮೇಲಿರುವವರು ಕಲ್ಲು ಉರುಳಿಸಿದರೂ ಸಾಕು. ಕದಂಬರಿಗೆ ಆಸರೆಯಾಗಿದ್ದ ಈ ನೆಲೆ ಹದಿನಾಲ್ಕನೆಯ ಶತಮಾನದಲ್ಲಿ ಹೊಸದಾಗಿ ತಲೆಯೆತ್ತಿದ ವಿಜಯನಗರದ ಕೈಗೆ ಬಂತು. ವಿಜಯನಗರದ ಮೊದಲ ಅರಸ ಹರಿಹರನ ತಮ್ಮ ಮಾರಪ್ಪ ಕದಂಬರ ಅರಸನೊಬ್ಬನನ್ನು ಸೋಲಿಸಿ, ಗೋಮಂತಶೈಲವೆಂದು ಕರೆಯಲಾಗಿರುವ ಈ ಬೆಟ್ಟವನ್ನು ನೆಲೆಯಾಗಿ ಮಾಡಿಕೊಂಡು ಆಳುತ್ತಿದ್ದನೆಂದು ಸೊರಬ ತಾಲ್ಲೂಕಿನ 1347ರ ಶಾಸನ ತಿಳಿಸುತ್ತದೆ. ಅವನ ಮಂತ್ರಿಯಾಗಿದ್ದ ಮಾಧವ ಮುಂದೆ ಗೋವೆಯವರೆಗೂ ಅಧಿಕಾರ ನಡೆಸಿದನು. ಹದಿನೆಂಟು ಕಂಪಣಗಳ, ಎಂದರೆ ಹದಿನೆಂಟು ಆಡಳಿತ ವಿಭಾಗಗಳ, ನಾಡಿಗೆ ಈ ಗುತ್ತಿಯ ಹೆಸರೇ ನಿಂತಿತು. ವಿಜಯನಗರದ ನಂತರ ಕೆಳದಿಯ ನಾಯಕರು ಇದನ್ನು ತಮ್ಮ ರಾಜ್ಯದ ಉತ್ತರದ ಕಾವಲಾಗಿ ಇಟ್ಟುಕೊಂಡರು. 1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದಾಗ ಕೆಳದಿ ರಾಜ್ಯದೊಡನೆ ಈ ಸೀಮೆಯೂ ಮೈಸೂರಿಗೆ ಸೇರಿತು.

ಕೋಟೆಯ ಕಾಲದಲ್ಲಿ ಬೆಟ್ಟ ಏರುವುದು ಬೇಸರ ಕಳೆಯುವ ಕೆಲಸವಾಗಿರಲಿಲ್ಲ. ಮಳೆಗಾಲದ ಜಾರು ಬಂಡೆಯ ಮೇಲೆ ಅಕ್ಕಿ, ಸೌದೆ, ಮದ್ದುಗುಂಡುಗಳನ್ನು ಹೊತ್ತು ದಿನವೂ ಹತ್ತಿಳಿದವರು ಕೋಟೆಯ ಕೆಳಗಿನ ಊರುಗಳ ಜನ. ಇಂದು ಚಾರಣಿಗರು ತುದಿಗೆ ಹೋಗುವ ಕಾಲುದಾರಿ ಆ ಹೊರೆಯಾಳುಗಳು ತುಳಿದು ತುಳಿದು ಮೂಡಿಸಿದ್ದು ಎಂಬುದನ್ನು ಮರೆಯಬಾರದು.

ಬೇಟೆಯಿಂದ ಹೆಸರು ಪಡೆದ ಊರು

ಕ್ರೀಡೆ ಎಂಬ ಅರ್ಥದಲ್ಲಿ ಇಲ್ಲಿನ ಕಾಡಿಗೆ ಮೊದಲು ಬಂದ ಹೊರಗಿನವರು ಬೇಟೆಗಾರರು. ಶಿಕಾರಿಪುರದ ಹೆಸರೇ ಅದಕ್ಕೆ ಸಾಕ್ಷಿ. ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿರುವಂತೆ, ಮೊದಲು ಮಲೆಯನಹಳ್ಳಿ ಎಂದಿದ್ದ ಊರು ಕೆಳದಿಯ ನಾಯಕರ ಕಾಲದಲ್ಲಿ ಮಹಾದಾನಪುರವಾಗಿ, ಹೈದರಲಿ ಅಥವಾ ಟಿಪ್ಪುವಿನ ಕಾಲದಲ್ಲಿ ಸುತ್ತಲಿನ ಕಾಡಿನಲ್ಲಿ ಹೇರಳವಾಗಿ ಸಿಗುತ್ತಿದ್ದ ಬೇಟೆಯ ಪ್ರಾಣಿಗಳ ಕಾರಣದಿಂದ ಶಿಕಾರಿಪುರವಾಯಿತು. ಪರ್ಷಿಯನ್ ಮೂಲದ ಶಿಕಾರಿ ಎಂಬ ಮಾತು ಕನ್ನಡದ ಬೇಟೆಯೊಡನೆ ಬೆರೆತು ಹೋಗಿ, ಒಂದು ತಾಲ್ಲೂಕಿನ ಹೆಸರಾಗಿ ನಿಂತಿತು.

ಆ ಹೆಸರು ಬಂದ ಸ್ವಲ್ಪ ಕಾಲದಲ್ಲೇ ಅಲ್ಲಿ ಮನುಷ್ಯನ ಬೇಟೆಯೂ ನಡೆಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘ್ ಬಿದನೂರು ಸೀಮೆಯಲ್ಲಿ ಸೈನ್ಯ ಕಟ್ಟಿ ಬ್ರಿಟಿಷರಿಗೆ ಸವಾಲಾದನು. ಅದೇ ವರ್ಷದ ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಬ್ರಿಟಿಷ್ ಪಡೆಗಳಿಂದ ಸೋತ ಅವನು ಉತ್ತರದ ಗಡಿ ದಾಟಿ ತಪ್ಪಿಸಿಕೊಂಡು, ಮತ್ತೆ ಬಲ ಕೂಡಿಸಿ, ಕೊನೆಗೆ 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ದಂಡಿನ ಎದುರು ಹೋರಾಡುತ್ತ ಮಡಿದನು. ಮುಂದೆ ವಾಟರ್ಲೂ ಯುದ್ಧದಿಂದ ಜಗತ್ತಿಗೆ ಪರಿಚಿತನಾದ ವೆಲ್ಲೆಸ್ಲಿಗೆ ಇಲ್ಲಿನ ನದಿ, ಕಾಡು, ಮಳೆಗಳು ಯುದ್ಧದ ಪಾಠ ಕಲಿಸಿದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆ ಬ್ರಿಟಿಷ್ ಅಧಿಕಾರಿಗಳ ಮತ್ತು ತೋಟಗಾರರ ವಿನೋದವಾಯಿತು. ಮಲೆನಾಡಿನ ಬೇಟೆಯ ಕ್ರಮ ಮಾತ್ರ ಊರವರದೇ ಆಗಿತ್ತು. ಕೋವಿ ಹಿಡಿದವರು ಪ್ರಾಣಿ ಹಾಯುವ ಕಂಡಿಯಲ್ಲಿ ಅಡಗಿ ಕೂರುವ ಜಾಗಕ್ಕೆ ಬಿಲ್ಲು ಎಂದು ಹೆಸರು. ಹಳು, ಎಂದರೆ ಪೊದೆಕಾಡು, ನುಗ್ಗಿ ಕೂಗು ಹಾಕುತ್ತ ಪ್ರಾಣಿಯನ್ನು ಬಿಲ್ಲಿನತ್ತ ಅಟ್ಟುವ ಕೆಲಸಕ್ಕೆ ಸೋಯುವುದು ಎಂದು ಹೆಸರು. ರಾತ್ರಿ ನೀರಿನ ಬಳಿಯೋ ಹಣ್ಣಿನ ಮರದ ಬಳಿಯೋ ಹೊಂಚಿ ಕೂರುವುದು ಮರಸು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಈ ಲೋಕ ಪರಿಚಿತ. ಬಿಲ್ಲಿನಲ್ಲಿ ಕೂತವನಿಗೆ ಹುಲಿಯ ಚರ್ಮವೂ ಚಿತ್ರವೂ ಸಿಕ್ಕಿತು. ಬರಿಗೈಯಲ್ಲಿ ಹಳು ನುಗ್ಗಿ ಗಾಯಗೊಂಡವನಿಗೆ ಸಿಕ್ಕಿದ್ದು ದಿನದ ಕೂಲಿ.

1901ರಲ್ಲಿ ಮೈಸೂರು ಸಂಸ್ಥಾನ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆಂದು ಕಾಯಿದೆ ಮಾಡಿ ಬೇಟೆಯನ್ನು ಪರವಾನಗಿಗೆ ಒಳಪಡಿಸಿತು. ಅರ್ಧ ಶತಮಾನದ ನಂತರ, 1954ರಲ್ಲಿ ಪ್ರಕಟವಾದ ಕೆನೆತ್ ಆಂಡರ್ಸನ್‌ನ ನರಭಕ್ಷಕಗಳ ಕುರಿತ ಪುಸ್ತಕದಲ್ಲಿ ಶಿಕಾರಿಪುರಕ್ಕೆ ಸಮೀಪದ ತ್ಯಾಗರ್ತಿಯ ಹುಲಿಗಳ ಬಗ್ಗೆ ಒಂದು ಅಧ್ಯಾಯವೇ ಇದೆ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್‌ನ ಬೇಟೆಯ ಕಥನಗಳನ್ನು ಕನ್ನಡಕ್ಕೆ ತಂದುದರಿಂದ ಅವು ಇಲ್ಲಿಯ ಮನೆಮನೆಯ ಓದಾದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಯುಗ ಕಾನೂನಿನ ಮಟ್ಟಿಗೆ ಮುಗಿಯಿತು. ಕಾಡಿನ ಆನಂದವನ್ನು ಕೋವಿಯಿಲ್ಲದೆ ಪಡೆಯುವ ಬಗೆ ಯಾವುದು ಎಂಬ ಪ್ರಶ್ನೆ ಅಲ್ಲಿಂದ ಮುಂದಿನದು.

ಅಳೆಯಲು ಬಂದವರು

ಬೇಟೆಗಾರರ ಜೊತೆಜೊತೆಯಲ್ಲೇ ಇನ್ನೊಂದು ಬಗೆಯ ಹೊರಗಿನವರೂ ಬೆಟ್ಟ ಏರಿದರು. 1800ರಲ್ಲಿ ಮದ್ರಾಸಿನಿಂದ ಹೊರಟ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬನವಾಸಿಯಿಂದ ಚಂದ್ರಗುತ್ತಿಯ ದಾರಿಯಾಗಿ ಇಕ್ಕೇರಿಯತ್ತ ಸಾಗುತ್ತ ಬೆಳೆ, ಮಣ್ಣು, ಕಂದಾಯ, ಜಾತಿ, ಐತಿಹ್ಯಗಳನ್ನು ಬರೆದುಕೊಂಡನು. 1807ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಅವನ ಪ್ರವಾಸಕಥನ ಈ ಸೀಮೆಯ ಅಂದಿನ ಬದುಕಿಗೆ ಇಂದಿಗೂ ಮುಖ್ಯ ಆಕರ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನಮಿತಿಯ ಭೂಮಾಪನ, ಎಂದರೆ ಎತ್ತರದ ಬಿಂದುಗಳ ನಡುವಿನ ಕೋನಗಳನ್ನು ಅಳೆದು ದೂರವನ್ನು ಲೆಕ್ಕ ಹಾಕುವ ವಿಧಾನ, ದಕ್ಷಿಣ ಭಾರತದ ಬೆಟ್ಟದ ತುದಿಗಳಿಗೆ ಹೊಸ ಮಹತ್ವ ಕೊಟ್ಟಿತು. 1856ರಲ್ಲಿ ನೆರೆಯ ಜೋಗದಲ್ಲಿ ನೌಕಾಪಡೆಯ ಇಬ್ಬರು ಅಧಿಕಾರಿಗಳು ಕಂದರದ ಮೇಲೆ ಹಗ್ಗಗಳ ಏರ್ಪಾಟು ಮಾಡಿ ರಾಜಾ ಧಾರೆಯ ಎತ್ತರ 830 ಅಡಿ, ಕೆಳಗಿನ ಮಡುವಿನ ಆಳ 132 ಅಡಿ ಎಂದು ಅಳೆದರು. ಹಗ್ಗ, ಗಂಟು, ಧೈರ್ಯ, ಲೆಕ್ಕಾಚಾರ ನಾಲ್ಕೂ ಸೇರಿದ ಈ ಕೆಲಸ ಇಂದಿನ ಹಗ್ಗದ ಸಾಹಸ ಕ್ರೀಡೆಗಳ ಪೂರ್ವರೂಪದಂತಿದೆ.

ಶಾಸನ ಹುಡುಕಿದವರ ಶ್ರಮವೂ ಕಡಿಮೆಯದಲ್ಲ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟ 1902ರಲ್ಲೂ ಎಂಟನೆಯ ಸಂಪುಟ 1904ರಲ್ಲೂ ಹೊರಬಂದು, ಮೊದಲನೆಯದು ಶಿಕಾರಿಪುರದ, ಎರಡನೆಯದು ಸೊರಬದ ನೂರಾರು ಶಾಸನಗಳನ್ನು ಬೆಳಕಿಗೆ ತಂದವು. ಆ ಕಲ್ಲುಗಳು ಯಾವ ಪೊದೆಯಲ್ಲಿ, ಯಾವ ಹಾಳುಗುಡಿಯಲ್ಲಿ ಇವೆಯೆಂದು ಪ್ರತಿಕಾರರನ್ನು ಕರೆದೊಯ್ದು ತೋರಿಸಿದವರು ಹಳ್ಳಿಯ ಶ್ಯಾನುಭೋಗರು, ತಳವಾರರು, ದನಗಾಹಿಗಳು.

ಜಾತ್ರೆ ಮತ್ತು ಹೋರಿ

ಅರಸರೂ ಅಧಿಕಾರಿಗಳೂ ಬಂದು ಹೋಗುತ್ತಿರುವಾಗ ಊರಿನ ಜನ ತಮ್ಮದೇ ಕಾರಣಕ್ಕೆ ಬೆಟ್ಟ ಏರುತ್ತಲೇ ಇದ್ದರು. ಚಂದ್ರಗುತ್ತಿಯ ಬೆಟ್ಟದಲ್ಲಿ ಸಹಜ ಗುಹೆಯೊಂದರಲ್ಲಿ ನೆಲೆಸಿರುವ ರೇಣುಕಾಂಬೆ, ಪರಶುರಾಮನ ತಾಯಿ, ಸುತ್ತಲಿನ ಹಲವು ಜಿಲ್ಲೆಗಳ ಜನರ ಆರಾಧ್ಯದೇವತೆ. ವರದೆಯಲ್ಲಿ ಮಿಂದು ಬೆಟ್ಟಕ್ಕೆ ನಡೆದು ಬರುವ ಹರಕೆಯ ಒಂದು ರೂಪವಾಗಿದ್ದ ಬೆತ್ತಲೆ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಮತ್ತು ಇತರ ಕಾರ್ಯಕರ್ತರು 1986ರ ಮಾರ್ಚ್ ಜಾತ್ರೆಯಲ್ಲಿ ಮುಂದಾದಾಗ, ಕಾರ್ಯಕರ್ತರೂ ಪೊಲೀಸರೂ ತೀವ್ರ ಹಲ್ಲೆಗೊಳಗಾದ ಘಟನೆ ದೇಶದ ಗಮನ ಸೆಳೆಯಿತು. ನಂತರ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಬೆಟ್ಟಕ್ಕೆ ಯಾರು ಯಾವ ಘನತೆಯಿಂದ ಏರಬೇಕು ಎಂಬ ಪ್ರಶ್ನೆಯೂ ಈ ಚರಿತ್ರೆಯ ಭಾಗವೇ ಆಗಿದೆ. ಏರುವಿಕೆಗೆ ಅರ್ಥ ಬರುವುದು ಅದು ಏರುವವರ ಸ್ವಂತ ಇಚ್ಛೆಯಾಗಿದ್ದಾಗ ಮಾತ್ರ.

ಹಳ್ಳಿಯ ಯುವಕರ ಸ್ವಂತ ಸಾಹಸ ಕ್ರೀಡೆಯೆಂದರೆ ದೀಪಾವಳಿಯ ನಂತರ ಎರಡೂ ತಾಲ್ಲೂಕುಗಳಲ್ಲಿ ನಡೆಯುವ ಹೋರಿ ಹಬ್ಬ. ವರ್ಷವಿಡೀ ಮನೆಯ ಮಗನಂತೆ ಸಾಕಿ, ಕೊಬ್ಬರಿ ಗಿಟುಕಿನ ಹಾರ, ಬಲೂನು, ಬಣ್ಣದ ಕಾಗದಗಳಿಂದ ಸಿಂಗರಿಸಿದ ಹೋರಿಯನ್ನು ಜನರ ನಡುವೆ ಓಡಲು ಬಿಟ್ಟಾಗ, ಅದನ್ನು ತಡೆದು ಕೊಬ್ಬರಿ ಹರಿಯಲು ಯುವಕರು ಮುನ್ನುಗ್ಗುತ್ತಾರೆ. ಯಾರ ಕೈಗೂ ಸಿಗದೆ ಓಡಿದ ಹೋರಿಯೇ ಗೆದ್ದಂತೆ. ಪ್ರಾಣಹಾನಿಯೂ ಗಾಯಗಳೂ ಆಗಿರುವುದರಿಂದ ಈ ಆಟ ಟೀಕೆಗೂ ಒಳಗಾಗಿದೆ. ಕಂಬಳ ಮತ್ತು ಹೋರಿಗಳ ಓಟಕ್ಕೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಕಾಯಿದೆಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದ ಮೇಲೆ, ಬೇಲಿ, ಆಂಬುಲೆನ್ಸ್, ಪಶುವೈದ್ಯರ ಹಾಜರಿಗಳಂಥ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಹೊಣೆ ಸಂಘಟಕರ ಮೇಲೆ ಮತ್ತಷ್ಟು ಹೆಚ್ಚಿದೆ.

ಚಾರಣದ ಯುಗ

ಬೆಟ್ಟ ಹತ್ತುವುದನ್ನು ಹತ್ತುವ ಸಂತೋಷಕ್ಕಾಗಿಯೇ ಮಾಡುವ ರೂಢಿ ಭಾರತದಲ್ಲಿ ಸಂಘಟಿತವಾಗಿ ಬೆಳೆದದ್ದು ಸ್ವಾತಂತ್ರ್ಯದ ನಂತರ. 1953ರಲ್ಲಿ ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಏರಿದ ಮರುವರ್ಷ ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಗಿ, ಅಲ್ಲಿ ಕಲಿತವರು ಬೇರೆ ಬೇರೆ ರಾಜ್ಯಗಳಲ್ಲಿ ಈ ವಿದ್ಯೆಯನ್ನು ಹರಡಿದರು. ಕರ್ನಾಟಕ ಸರ್ಕಾರ ಕೊಡಗಿನ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ರಾಷ್ಟ್ರೀಯ ಸಾಹಸ ಅಕಾಡೆಮಿಯನ್ನು ಸ್ಥಾಪಿಸಿ ಯುವಜನರಿಗೆ ಚಾರಣ, ಶಿಲಾರೋಹಣ, ಜಲಸಾಹಸಗಳ ತರಬೇತಿ ಕೊಡುವ ವ್ಯವಸ್ಥೆ ಮಾಡಿತು. ಚಾರಣವೆಂದರೆ ಹಗ್ಗದ ನೆರವಿಲ್ಲದೆ ಕಾಲ್ನಡಿಗೆಯಲ್ಲಿ ಬೆಟ್ಟಕಾಡುಗಳನ್ನು ದಾಟುವುದು. ಶಿಲಾರೋಹಣವೆಂದರೆ ಕೈಕಾಲುಗಳ ಹಿಡಿತದಿಂದ ಕಡಿದಾದ ಬಂಡೆಯನ್ನು ಏರುವುದು, ಅದರಲ್ಲಿ ಏರುವವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಇನ್ನೊಬ್ಬ ಹಿಡಿದು ಬೀಳದಂತೆ ಕಾಯುತ್ತಾನೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿರುವ ಸಾಗರ ತಾಲ್ಲೂಕಿನ ಹೊನ್ನೆಮರಡು ಜಲಸಾಹಸಕ್ಕೆ ಹೆಸರಾದರೆ, ಹೊಸನಗರದ ಕೊಡಚಾದ್ರಿ ಚಾರಣಕ್ಕೆ ಹೆಸರಾಯಿತು. ಸೊರಬದ ಗುಡವಿ ಪಕ್ಷಿಧಾಮ ಹಕ್ಕಿ ನೋಡುವವರನ್ನೂ, ಚಂದ್ರಗುತ್ತಿ ಕೋಟೆ ಒಂದು ದಿನದ ಚಾರಣಿಗರನ್ನೂ ಬರಮಾಡಿಕೊಳ್ಳುತ್ತಿವೆ.

ಈ ಸೀಮೆಯ ಕಾಡಿಗೆ ಬರುವ ಪ್ರತಿಯೊಬ್ಬ ಪ್ರವಾಸಿಯೂ ತಿಳಿದಿರಲೇಬೇಕಾದ ಒಂದು ಸಂಗತಿ ಜಗತ್ತಿನ ವೈದ್ಯಚರಿತ್ರೆಯಲ್ಲಿ ದಾಖಲಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಕಾಡಿಗೆ ಸೌದೆ ಸೊಪ್ಪಿಗೆಂದು ಹೋಗುತ್ತಿದ್ದ ಹಳ್ಳಿಯವರು ತೀವ್ರ ಜ್ವರದಿಂದ ನರಳಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಗುರುತಿಸಿದರು. ಕ್ಯಾಸನೂರು ಕಾಡಿನ ಕಾಯಿಲೆ ಎಂದು ಪುಸ್ತಕಗಳಲ್ಲಿ, ಮಂಗನ ಕಾಯಿಲೆ ಎಂದು ಜನರ ಬಾಯಲ್ಲಿ ಹೆಸರಾದ ಇದು ಉಣುಗು ಅಥವಾ ಉಣ್ಣೆ ಎಂದು ಕರೆಯುವ ಸಣ್ಣ ಜೀವಿಯ ಕಡಿತದಿಂದ ಮನುಷ್ಯರಿಗೆ ಹರಡುತ್ತದೆ. ಎಳೆಯ ಉಣುಗುಗಳು ನೆಲದ ತರಗೆಲೆಗಳಲ್ಲಿ ಹೆಚ್ಚುವ ಡಿಸೆಂಬರ್‌ನಿಂದ ಮೇವರೆಗಿನ ಒಣಗಾಲವೇ ಕಾಯಿಲೆಯ ಕಾಲ. ಮಳೆ ನಿಂತು, ಆಕಾಶ ತಿಳಿಯಾಗಿ, ಬಂಡೆ ಒಣಗುವ ಅದೇ ತಿಂಗಳುಗಳು ಚಾರಣದ ಕಾಲವೂ ಹೌದು. ಆದ್ದರಿಂದ ಮೈತುಂಬ ಬಟ್ಟೆ, ಉಣುಗು ತಡೆಯುವ ಎಣ್ಣೆ, ತರಗೆಲೆಯ ಮೇಲೆ ಕೂರದಿರುವ ಎಚ್ಚರ, ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು, ಇವು ಇಲ್ಲಿಯ ಚಾರಣಿಗನಿಗೆ ಹಗ್ಗ ಮತ್ತು ಬೂಟಿನಷ್ಟೇ ಮುಖ್ಯ. ಇದನ್ನು ಊರಿನವರು ಬಲ್ಲರು. ಹೊರಗಿನವರಿಗೆ ಯಾರಾದರೂ ಹೇಳಬೇಕು.

ಜನಸಂದಣಿ ಇನ್ನೊಂದು ಅಪಾಯ. 2024ರ ಜನವರಿಯಲ್ಲಿ ದಕ್ಷಿಣದ ಕುಮಾರಪರ್ವತದಲ್ಲಿ ರಜೆಯ ದಿನ ಸಾವಿರಾರು ಜನ ಒಮ್ಮೆಗೇ ಸೇರಿದ ಮೇಲೆ ರಾಜ್ಯದ ಅರಣ್ಯ ಇಲಾಖೆ ತನ್ನ ವ್ಯಾಪ್ತಿಯ ಚಾರಣಗಳಿಗೆ ಅಂತರ್ಜಾಲದ ಮೂಲಕ ಮುಂಗಡ ನೋಂದಣಿಯನ್ನೂ ದಿನದ ಮಿತಿಯನ್ನೂ ಗೊತ್ತುಮಾಡಿತು. ಚಂದ್ರಗುತ್ತಿಯಂಥ ಸಣ್ಣ ಬೆಟ್ಟದಲ್ಲಿ ಮಿತಿಯ ಅಗತ್ಯ ಇನ್ನೂ ಹೆಚ್ಚು. ಬೇರುಗಳು ಸಡಿಲಿಸಿದ ಕೋಟೆಯ ಕಲ್ಲಿನ ಮೇಲೆ ಹತ್ತಾರು ಜನ ಏಕಕಾಲಕ್ಕೆ ಹತ್ತಿದರೆ ಗೋಡೆಯೂ ಉಳಿಯದು, ಹತ್ತಿದವರೂ ಉಳಿಯರು. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಯ ಮೇಲಂತೂ ಊರವರೇ ಎಚ್ಚರದಿಂದ ಕಾಲಿಡುತ್ತಾರೆ.

ಸಾವಿರದ ಆರುನೂರು ವರ್ಷಗಳ ಈ ನಡಿಗೆಯನ್ನು ಒಟ್ಟಾಗಿ ನೋಡಿದಾಗ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ರಾಜ್ಯಕ್ಕಾಗಿ, ಮುಕ್ತಿಗಾಗಿ, ಕಾವಲಿಗಾಗಿ, ಬೇಟೆಗಾಗಿ, ಅಳತೆಗಾಗಿ, ಆನಂದಕ್ಕಾಗಿ ಈ ಬೆಟ್ಟಗಳನ್ನು ಏರಿದವರೆಲ್ಲರೂ ಸುರಕ್ಷಿತವಾಗಿ ಇಳಿದದ್ದು ನೆಲದ ತಿಳಿವಳಿಕೆಯಿಂದ, ಮತ್ತು ಆ ತಿಳಿವಳಿಕೆ ಬೆಟ್ಟದ ಬುಡದ ಹಳ್ಳಿಗಳಲ್ಲಿದೆ. ಸಾಹಸ ಪ್ರವಾಸ ಈ ಸೀಮೆಯಲ್ಲಿ ಬೆಳೆಯಬೇಕಾದರೆ ಅದರ ಮೊದಲ ಹೂಡಿಕೆ ಹಗ್ಗದ ಸೇತುವೆಗೂ ಗಾಜಿನ ಅಟ್ಟಣೆಗೂ ಅಲ್ಲ, ಚಂದ್ರಗುತ್ತಿ, ಗುಡವಿ, ತಾಳಗುಂದ, ಬಳ್ಳಿಗಾವೆಗಳ ಯುವಕ ಯುವತಿಯರನ್ನು ತರಬೇತಿ ಪಡೆದ ಮಾರ್ಗದರ್ಶಕರನ್ನಾಗಿ ಮಾಡುವುದಕ್ಕೆ ಆಗಬೇಕು. ಕೋಟೆಯ ಕಥೆಯನ್ನೂ ಉಣುಗಿನ ಕಾಲವನ್ನೂ ಜಾರುವ ಬಂಡೆಯನ್ನೂ ಬಲ್ಲ ಅವರಿಗೆ ಗೌರವದ ಸಂಬಳ ಕೊಡಬೇಕು. ಬೆಟ್ಟ ಏರಲು ಬರುವವರು ಅವರ ಮಾತನ್ನು ಕೇಳಿ ನಡೆಯಲಿ, ಇಳಿದು ಹೋಗುವಾಗ ಅವರ ಹೆಸರನ್ನು ನೆನಪಿಟ್ಟುಕೊಂಡು ಹೋಗಲಿ.